ಹಿಂಬದಿಯ ಪುಟ

ಪಿಗ್ಮಿ ಪುಸ್ತಕದ ಮುಂದಿನ ಪುಟಗಳಲ್ಲಿ ಊರಿನ ದುಡ್ಡು:
ಮಂಡಿಯ ಜವರಪ್ಪ ನೂರು, ಬಳೆ ಅಂಗಡಿ ಪಂಕಜಮ್ಮ ಮೂವತ್ತು,
ಇಸ್ತ್ರಿ ಅಂಗಡಿಯ ಕಾವಿಗೆ ಬೆಚ್ಚಗಾದ ಹತ್ತರ ಎರಡು ನೋಟು,
ಗುಜರಿ ಮುನೀರ್ ಸಾಬರದು "ನಾಳೆ ಬನ್ನಿ".
ಪುಸ್ತಕ ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ನನ್ನ ಸ್ಕೂಟರಿನ ಸಂಸಾರ.

ಐದು ವರ್ಷದ ಕೆಳಗೆ ಬಿ.ಎಂ. ರಸ್ತೆಯ ಶೋರೂಮಿನಲ್ಲಿ
ಟೈ ಕಟ್ಟಿದ ಹುಡುಗ ಕ್ಯಾಲ್ಕುಲೇಟರನ್ನು ನನ್ನತ್ತ ತಿರುಗಿಸಿ
"ಕಿಲೋಮೀಟರಿಗೆ ಇಪ್ಪತ್ತೈದು ಪೈಸೆ ಮೇಡಂ,
ಕಡ್ಲೆಪುರಿಗಿಂತ ಅಗ್ಗ" ಅಂದಿದ್ದ.
ದಿನವಿಡೀ ಚಿಲ್ಲರೆ ಎಣಿಸುವವಳು ನಾನು; ನಂಬಿದೆ.
ಸುಳ್ಳೇನೂ ಹೇಳಿರಲಿಲ್ಲ ಪಾಪ.
ಪೈಸೆಯ ಮಾತಾಡಿದ, ವರ್ಷದ ಮಾತಾಡಲಿಲ್ಲ, ಅಷ್ಟೆ.

ಮೊದಲ ವರ್ಷದ ಪುಟ ಹೆಚ್ಚುಕಮ್ಮಿ ಖಾಲಿ.
ಒಂದು ಕನ್ನಡಿ, ನೂರ ಎಂಬತ್ತು (ಹಸು ಗುದ್ದಿದ್ದು).
ಮನೆ ಓನರ್ ಧರಣೇಂದ್ರಯ್ಯನವರು ಕಿಟಕಿಯಿಂದ ಇಳಿದ ವೈರು ನೋಡಿ
ಬೇರೆ ಮೀಟರು ಹಾಕಿಸಿದರು, ನನ್ನ ಖರ್ಚಲ್ಲೇ.
ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಬಗ್ಗಿ ಅಂಕಿ ಓದುತ್ತಾರೆ,
ಥರ್ಮಾಮೀಟರ್ ನೋಡುವ ನರ್ಸಿನ ಹಾಗೆ.
ಎರಡನೇ ವರ್ಷ ಟೈರು. ಇದರ ಮೈ ಭಾರವಂತೆ, ಬೇಗ ಸವೆಯುತ್ತದಂತೆ.
ಮೂರರಲ್ಲಿ ಚಾರ್ಜರು, ಸಿಡಿಲು ಹೊಡೆದ ಮಾರನೇ ದಿನ,
ಒಂಬತ್ತು ಸಾವಿರದ ಇನ್ನೂರು.
ಬರೆಯುವಾಗ ಪೆನ್ನು ಒತ್ತಿದ ಗುರುತು
ಮುಂದಿನ ನಾಲ್ಕು ಪುಟದ ಮೇಲೂ ಇದೆ.
ನಾಲ್ಕರಲ್ಲಿ ಶೋರೂಮು ಸೋಫಾ ಅಂಗಡಿಯಾಯಿತು.
ವಾರಂಟಿ ಕಾರ್ಡು ಹಿಡಿದು ಹೋದವಳಿಗೆ
"ಕೂತು ನೋಡಿ ಮೇಡಂ, ಮೆತ್ತಗಿದೆ" ಅಂದರು.
ಕೂತೆ. ಮೆತ್ತಗಿತ್ತು.

ಈಗ ಬ್ಯಾಟರಿ.
ತೊಂಬತ್ತು ಓಡುತ್ತಿದ್ದದ್ದು ಎಂಬತ್ತಾಗಿ, ಅರವತ್ತಾಗಿ, ನಲವತ್ತಾಗಿ,
ಯಾವ ದಿನ ಇಳಿಯಿತೆಂದು ಕೇಳಿದರೆ ಹೇಳಲಾರೆ.
ನಾನು ಬಲ್ಲ ಲೆಕ್ಕವೇ, ತಿರುಗಾಮುರುಗಾ:
ದಿನಕ್ಕಿಷ್ಟು ಅಂತ ಯಾರೋ ಬಂದು ನನ್ನಿಂದ ವಸೂಲಿ ಮಾಡಿದ್ದಾರೆ,
ಸಹಿ ಹಾಕಿಲ್ಲ, ರಶೀದಿ ಕೊಟ್ಟಿಲ್ಲ.
ತಣ್ಣೀರುಹಳ್ಳದ ಕಡೆಯ ಏರಿನ ಬುಡದಲ್ಲಿ ಹದಿನೆಂಟು ಪರ್ಸೆಂಟು,
ಹತ್ತಿ ಮುಗಿಸುವಷ್ಟರಲ್ಲಿ ಒಂಬತ್ತು.
ಜವರಪ್ಪನವರ ಮಂಡಿಯಲ್ಲಿ ಆಲೂಗಡ್ಡೆ ಮೂಟೆಗಳ ಸಂದಿಯ ಪ್ಲಗ್ಗಿಗೆ ಚುಚ್ಚಿ
ಅರ್ಧ ಗಂಟೆ ಕೂತರೆ, ಅವರ ಮಂಡಿನೋವಿನ ಕಥೆ.
ಕೇಳಿಸಿಕೊಂಡದ್ದನ್ನೂ ಖರ್ಚಿಗೇ ಬರೆಯಬೇಕು.

ಪೆನ್ಷನ್ ಮೊಹಲ್ಲಾದ ಇಲಿಯಾಸ್ ಪೆಟ್ಟಿಗೆ ಬಿಚ್ಚಿದ.
"ಹೊಸದಕ್ಕೆ ಅರವತ್ತೆರಡು ಸಾವಿರ, ಅದೂ ಸಿಕ್ಕರೆ.
ಸತ್ತ ಸೆಲ್ ತೆಗೆದು ಬೇರೆ ಕೂರಿಸ್ತೀನಿ, ಹದಿನಾಲ್ಕು.
ಗ್ಯಾರಂಟಿ ಮಾತ್ರ ಕೇಳಬೇಡಿ ಅಕ್ಕ,
ನನಗೇ ಇಲ್ಲ."

ಆ ರಾತ್ರಿ ಕೂಡಿದೆ, ಕಳೆದೆ, ಮತ್ತೆ ಕೂಡಿದೆ.
ಪೆಟ್ರೋಲ್ ಬಂಕಿಗೆ ಕಾಲಿಡದ ಐದು ವರ್ಷ. ದುಡ್ಡು ಉಳಿದಿರಲೇಬೇಕು.
ಹೌದು ಅನ್ನುತ್ತದೆ ಲೆಕ್ಕ.
ಎಲ್ಲಿದೆ ಅಂದರೆ ಸುಮ್ಮನಿರುತ್ತದೆ.
ಖರ್ಚಾದದ್ದಕ್ಕೆ ಬಿಲ್ಲಿದೆ, ಉಳಿದದ್ದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ.
ಬುಧವಾರದ ಮೀನಾಗಿರಬಹುದು,
ತಂಗಿಯ ಮಗಳ ಹಲ್ಲಿಗೆ ಹಾಕಿಸಿದ ತಂತಿಯಾಗಿರಬಹುದು
(ಈಗ ಕೈ ಅಡ್ಡ ಹಿಡಿಯದೆ ನಗುತ್ತಾಳೆ),
ಆಟೋ ಹತ್ತಿದ ಯಾವುದೋ ಸಂಜೆ
"ಚಿಲ್ಲರೆ ಇಟ್ಕೊಳ್ಳಿ" ಅಂದ ಧಿಮಾಕೂ ಆಗಿರಬಹುದು.

ಹದಿನಾಲ್ಕರದೇ ಇರಲಿ ಅಂದೆ ಇಲಿಯಾಸನಿಗೆ.
ಮರುದಿನ ಹೊಸ ಖಾತೆ ಬರೆದೆ, ಮುಂದಿನ ಪುಟದಲ್ಲಿ, ನನ್ನದೇ ಹೆಸರಲ್ಲಿ.
ದಿನಕ್ಕೆ ನಲವತ್ತು.
ಕಟ್ಟುವವಳೂ ನಾನು, ಕಟ್ಟಿಸಿಕೊಳ್ಳುವವಳೂ ನಾನು,
ನನ್ನ ದುಡ್ಡಿಗೆ ನನಗೇ ಕಮಿಷನ್ನು, ನೂರಕ್ಕೆ ಮೂರು.
ಮೂರನೇ ದಿನವೇ "ನಾಳೆ ಬನ್ನಿ" ಅನ್ನಬೇಕೆನಿಸಿತು.
ಮುನೀರ್ ಸಾಬರ ಮುಂದೆ ಗಂಟಿಕ್ಕಿದ ನನ್ನ ಮುಖ ನೆನಪಾಗಿ
ಕಟ್ಟಿದೆ.

ಈಗ ಐವತ್ತೆಂಟು ಓಡುತ್ತದೆ. ಸಾಕು, ಊರು ಅಷ್ಟೇ ಇದೆ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತರೆ
ಪಂಕಜಮ್ಮ ಬಳೆ ಡಬ್ಬಿ ಎತ್ತಿಹಾಕಿ ಬೈಯುತ್ತಾರೆ:
"ದೆವ್ವದ ಹಂಗೆ ಬರ್ತೀಯಲ್ಲೇ, ಹಾರ್ನಾದ್ರೂ ಹೊಡಿಬಾರ್ದಾ?"
ಹೊಡೆಯಬಹುದು.
ಒಂದು ಹಾರ್ನಿಗೆ ಎಷ್ಟು ಕರೆಂಟು ಹೋಗುತ್ತದೆ,
ಇಲಿಯಾಸನನ್ನು ಕೇಳಬೇಕು.