ಗಾಳಿ ಇಳಿಯುವವರೆಗೆ

ಉಮ್ ಅಲ್ ಕುವೈನ್‌ನ ಹಳೆಯ ರನ್‌ವೇ ಪಕ್ಕ
ತಗಡಿನ ಶೆಡ್ಡು. ಹೊರಗೆ ಶಮಾಲ್ ಗಾಳಿ.
ಕಂಬದ ಕಿತ್ತಳೆ ಚೀಲ ಬೆಳಗಿನಿಂದ
ಸಾಲ ಕೇಳುವವನ ಹಾಗೆ ಕೈ ನೀಡಿ ನಿಂತಿದೆ.
ಗಾಳಿ ಇಳಿಯದೆ ಯಾರೂ ಇಳಿಯುವಂತಿಲ್ಲ,
ಇಳಿಯುವಂತಿಲ್ಲದ ಮೇಲೆ ಏರುವುದು ಯಾಕೆ?
ಹಾಗಾಗಿ ಹರಟೆ.

ಹದಿಮೂರು ಸಾವಿರ ಅಡಿಯಿಂದ ಬೀಳುವ ಜನ
ಚಾಪೆಯ ಮೇಲೆ ಬಿದ್ದುಕೊಂಡಿದ್ದಾರೆ.
ನಾನು ಉಚ್ಚಿಲದ ಹಮ್ಮಬ್ಬ.
ಅಬಾಯಾ ಹೊಲಿಯಲು ಬಂದವನು, ಈಗ ಪ್ಯಾರಾಚೂಟ್ ಮಡಚುತ್ತೇನೆ.
ಬಟ್ಟೆ ಅಂದರೆ ಬಟ್ಟೆಯೇ. ಅಲ್ಲಿ ಅಳತೆ ತಪ್ಪಿದರೆ ಬೈಗುಳ,
ಇಲ್ಲಿ –
ಇರಲಿ, ಬೆಳಗ್ಗೆ ಬೆಳಗ್ಗೆ ಆ ಮಾತು ಬೇಡ.

"ಹಮ್ಮಬ್ಬಣ್ಣ, ನಿನ್ನೆ ನೀನು ಕಟ್ಟಿದ್ದು ಎಷ್ಟು ಜೋರಾಗಿ ಬಿಚ್ಚಿತೆಂದರೆ
ನನ್ನ ಕುತ್ತಿಗೆ ಇನ್ನೂ ಶಾರ್ಜಾ ಕಡೆಗೇ ತಿರುಗಿದೆ,"
ಎನ್ನುತ್ತಾಳೆ ಲವೀನಾ ಕ್ರಾಸ್ತಾ, ಹಲ್ಲಿನ ಡಾಕ್ಟರು.
ದೂರು ಕೇಳಿದರೆ ನನಗೆ ಎಂಥದೋ ಸಮಾಧಾನ:
ದೂರು ಬಂತೆಂದರೆ ಆಳೂ ಬಂದಿದೆ ಅಂತ ತಾನೆ?
"ಬಿಚ್ಚಿತಲ್ಲ ಮಾರಾಯ್ತಿ," ಅಂದೆ.
"ನೀವು ಹಲ್ಲು ಕೀಳುವಾಗ ಕೇಳಿ ಕೀಳ್ತೀರಾ?"

ಖಲ್ಫಾನ್ ಮೊಣಕೈ ಊರಿ ಎದ್ದ:
ಜಿಗಿಯುವುದಕ್ಕೆ ನಿಮ್ಮ ಭಾಷೆಯಲ್ಲಿ ಏನು?
"ಹಾರು."
ಹಕ್ಕಿ ಮಾಡುವುದಕ್ಕೆ?
"ಅದೂ ಹಾರು."
ಜಂಬ ಪಡುವುದಕ್ಕೆ?
"ಹಾರಾಡು," ಅಂದಳು ಲವೀನಾ. "ಅಮ್ಮ ದಿನಾ ಫೋನಿನಲ್ಲಿ
ಬೇಡ ಬೇಡ ಅನ್ನುವುದು ಅದನ್ನೇ.
ಹಾರಾಡುವುದಿಲ್ಲಮ್ಮ, ಸುಮ್ಮನೆ ಹಾರ್ತೇನೆ ಅಂದರೆ
ನಗುತ್ತಾಳೆ, ಪಾಪ. ಗೊತ್ತಿಲ್ಲ."
ಹೆಚ್ಚುಕಮ್ಮಿ ಒಂದೇ ಪದಕ್ಕೆ ಮೂರು ಕೆಲಸವೇ? ಖಲ್ಫಾನನಿಗೆ ನಂಬಿಕೆಯಿಲ್ಲ.
"ಸಂಬಳ ಮಾತ್ರ ಒಂದೇ," ಅಂದೆ ನಾನು,
"ಅದೂ ನನ್ನ ವೀಸಾದಲ್ಲೇ ಬಂದದ್ದು."

ಇಲ್ಲಿಯ ಕಾನೂನು: ಮೊದಲ ಸಲ ಏನು ಮಾಡಿದರೂ
ಎಲ್ಲರಿಗೂ ಒಂದು ಕ್ರೇಟ್ ಲಬಾನ್.
ಮೊದಲ ಸಲ ನಿಂತು ಇಳಿದರೆ ಲಬಾನ್,
ಕುಂಡೆಯ ಮೇಲೆ ಇಳಿದರೂ ಲಬಾನ್.
"ಇಷ್ಟು ಹೊತ್ತು ಹಾರದೆ ಕೂತದ್ದು
ಇದೇ ಮೊದಲ ಸಲ," ಎಂದು ಮಾರಿಸೆಲ್ ಬಾಯಿ ತಪ್ಪಿ ಅಂದಳು.
ಇಡೀ ಶೆಡ್ಡು ಚಾಪೆ ಬಡಿಯಿತು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು
ಇವರಿಗೆ ಕಲಿಸಿದ್ದು ನನ್ನದೇ ತಪ್ಪು.
ಹೋದ ತಿಂಗಳು ಮೂಗು ಮುಂದಾಗಿ ಇಳಿದ ತಾಮರ್
ಮೀಸೆ ಕೊಡವುತ್ತ ಹೇಳಿದ್ದ:
"ಮಣ್ಣು ಎಲ್ಲಿದೆ ಇಲ್ಲಿ? ಇದು ಮರಳು."

ಆಮೇಲೆ, ಗಾಳಿ ನಿಲ್ಲದ ದಿನ ತಪ್ಪದೆ ಬರುವಂತೆ,
ನನ್ನ ಕತೆ ಬಂತು. ನಾನು ಹಾರಿದ್ದು ಒಂದೇ ಸಲ,
ಘಸ್ಸಾನನ ಎದೆಗೆ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ.
ಅರ್ಧ ದಾರಿಯಲ್ಲಿ ನಾನು ಕೂಗಿದೆನಂತೆ:
"ಎಸಿ ಬಂದ್ ಮಾಡಿ!"
ಸುಳ್ಳು ಎಂದು ನಾನು ಪ್ರತಿ ಸಲ ಆಣೆ ಹಾಕುತ್ತೇನೆ.
(ಕೂಗಿದ್ದು ನಿಜ. ಅಷ್ಟು ಚಳಿ ಮಾರಾಯ ಮೇಲೆ.)

ತಾಮರ್ ತನ್ನ ಒಂಟೆಯ ಕತೆ ತೆಗೆದ:
"ಬೇಲಿಯೊಳಗೆ ಇಳಿದೆನಾ, ಒಂಟೆ ನನ್ನನ್ನು ನೋಡಿತು,
ನನ್ನ ಪ್ಯಾರಾಚೂಟ್ ನೋಡಿತು, ಒಡೆಯನನ್ನು ನೋಡಿತು,
ನೋಡಿ, ಮೆಲ್ಲಗೆ –"

ಕಂಬದ ಚೀಲದ ಕೈ ಕೆಳಗಾಯಿತು.
ಯಾರೋ ಕೂಗಿದರು. ಚಾಪೆ ಖಾಲಿ.
ಎರಡು ನಿಮಿಷದಲ್ಲಿ ವಿಮಾನದ ಸದ್ದೂ ತೆಳುವಾಯಿತು.

ಶೆಡ್ಡಿನಲ್ಲಿ ನಾನು, ತಣ್ಣಗಾದ ಚಹಾ,
ಅರ್ಧ ಒಂಟೆ.
ಮೇಲೆ ಹೋದವರು ಏಳು. ಬಾಗಿಲಲ್ಲಿ ನಿಂತು,
ಎಂದಿನಂತೆ, ಹಣೆಗೆ ಕೈ ಅಡ್ಡ ಹಿಡಿದು ಎಣಿಸಿದೆ:
ನೀಲಿ ಬಿಚ್ಚಿತು, ಹಳದಿ, ಎರಡು ಕೆಂಪು,
ಲವೀನಾಳ ಹಸಿರು, ಮಾರಿಸೆಲ್‌ಳದ್ದು.
ಆರು.
ಆಕಾಶವನ್ನು ಬಟ್ಟೆಯ ತಾನಿನಂತೆ ಇನ್ನೊಮ್ಮೆ ಜಾಲಾಡಿದೆ.
ಆರೇ.

ಕಾಂಡ್ಲಾ ಗಿಡಗಳ ಆಚೆ, ಬಹಳ ಕೆಳಗೆ,
ಕೊನೆಗೂ ಒಂದು ಬಿಳಿ ತುಂಡು ತಿರುಗಿತು.

ಅರ್ಧ ಗಂಟೆಯ ಮೇಲೆ ಉಪ್ಪುನೆಲ ದಾಟಿ
ತೋಳ ತುಂಬ ಬಟ್ಟೆ ಬಾಚಿಕೊಂಡು, ಒಂದೇ ಬೂಟಿನಲ್ಲಿ
ತಾಮರ್ ಕುಂಟುತ್ತ ಬಂದ. ಮೀಸೆಯ ತುಂಬ ಕೆಸರು.
ನಾನು ಬಾಯಿ ತೆರೆಯುವ ಮೊದಲೇ ಅಂದ:
"ಮೆಲ್ಲಗೆ, ಹಮ್ಮಬ್ಬ, ಆ ಒಂಟೆ
ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಿತು."