ಕಲಾಯಿ

ರೆನ್‌ಮಾರ್ಕಿನಲ್ಲಿ, ಮರ್ರೆ ನದಿ ಮೈಮುರಿದು ತಿರುಗುವಲ್ಲಿ,
ತಗಡಿನ ಶೆಡ್ಡು, ಒಳಗೆ ಸ್ತ್ರಾತಿಸ್‌ನ ತಾಮ್ರದ ಹಂಡೆ.
ನಾನು ಸರಕಾರದವಳು. ಸುಂಕದ ಲೆಕ್ಕಕ್ಕೆ ಬಂದವಳು.
ಕೈಯಲ್ಲಿ ಗಾಜಿನ ಮಾಪಕ, ಚೀಲದಲ್ಲಿ ಸೀಸದ ಮುದ್ರೆ.
ಕುಡಿಯುವವಳಲ್ಲ. ಕುಡಿಯುವವರ ಮನೆಯವಳೂ ಅಲ್ಲ.

"ಮೂಸು," ಅಂದ, "ಮೂಸಿದ್ದಕ್ಕೆ ಸುಂಕವಿಲ್ಲ, ಪಾಪವೂ ಇಲ್ಲ."
ಮೂಸಿದೆ.
ಸೋಂಪು.
ಲಕ್ಷ್ಮೇಶ್ವರದ ಖಾನಾವಳಿಯ ಗಲ್ಲೆಯ ಮೇಲೆ
ಸಕ್ಕರೆ ಹರಳಿನ ಜೊತೆ ತಟ್ಟೆಯಲ್ಲಿ ಕೂತಿರುತ್ತಿದ್ದದ್ದು,
ಹೊಟ್ಟೆ ಉಬ್ಬಿದ ಕೂಸಿಗೆ ಕುದಿಸಿ ಹನಿಸುತ್ತಿದ್ದದ್ದು,
ಇಲ್ಲಿ ಹಬೆಯಾಗಿ ಕೊಳವೆ ಹತ್ತಿ
ತಣ್ಣೀರ ಪೀಪಾಯಿಯೊಳಗೆ ಸುತ್ತಿ ಸುತ್ತಿ ಇಳಿದು
ನೂಲಿನ ಎಳೆಯಾಗಿ ಬೀಳುತ್ತಿದೆ.

ಮೊದಲು ಬರುವುದು ತಲೆ. ಅದನ್ನು ಚೆಲ್ಲುತ್ತಾನೆ:
"ಕಣ್ಣು ಕೀಳುತ್ತದೆ."
ಕೊನೆಗೆ ಬಾಲ. ಅದಕ್ಕೆ ಒದ್ದೆ ನಾಯಿಯ ವಾಸನೆ.
ನಡುವಿನದು ಎದೆ. ಅದಷ್ಟೇ ಸೀಸೆಗೆ.
ಎದೆ ಎಲ್ಲಿ ಮುಗಿಯಿತೆಂದು
ನನ್ನ ಮಾಪಕ ತೇಲಿ ನಿಲ್ಲುವ ಮೊದಲೇ
ಅಂಗೈಗೆ ತಿಕ್ಕಿ ಮೂಸಿ ಹೇಳಿಬಿಡುತ್ತಾನೆ.
ಪ್ಲೊಮಾರಿಯಲ್ಲಿ ಅವನಪ್ಪ ಹೀಗೇ ತಿಕ್ಕುತ್ತಿದ್ದನಂತೆ;
ತಪ್ಪು ಹೇಳಿದರೆ ಕಪಾಳಕ್ಕೆ ಬೀಳುತ್ತಿದ್ದದ್ದೂ
ಅದೇ ಸೋಂಪು ನಾರುವ ಕೈ.

ಮುಚ್ಚಳ ಎತ್ತಿ ಟಾರ್ಚು ಬಿಟ್ಟೆ.
ಬಿಳಿಮೈ ಅಲ್ಲಲ್ಲಿ ಸುಲಿದು ಕೆಂಪು ಇಣುಕುತ್ತಿತ್ತು.
"ಇದಕ್ಕೆ ಕಲಾಯಿ ಹಾಕಿಸ್ಬೇಕಲ್ಲ,"
ನನಗೇ ಅಂದುಕೊಂಡದ್ದು, ಬಾಯಿತಪ್ಪಿ, ನಮ್ಮ ಮಾತಿನಲ್ಲೇ.

ಅವನು ಸೌಟು ಕೆಳಗಿಟ್ಟ.
"ಏನಂದೆ?"
"ಕಲಾಯಿ."
"ಕಲಾಯಿ?"
"ಕಲಾಯಿ."
"ಮಿರ್ಸಿನಿ!" ಅಂತ ಹೆಂಡತಿಯನ್ನು ಕೂಗಿದ,
"ಬಾ ಇಲ್ಲಿ, ಸರಕಾರಕ್ಕೆ ನಮ್ಮ ಭಾಷೆ ಬರುತ್ತದೆ!"

ಆಮೇಲೆ ಹೇಳಲೇಬೇಕಾಯಿತು:
ಅಜ್ಜ ಮಕ್ತುಮಸಾಬ, ಹೆಗಲ ಮೇಲೆ ತಿದಿ,
ಓಣಿಯಲ್ಲಿ ಕುಣಿ ತೋಡಿ, ಇದ್ದಿಲು ಊದಿ,
ಕಾದ ಪಾತ್ರೆಗೆ ನವಸಾಗರ ಎಸೆದರೆ ಭುಸ್ಸೆನ್ನುವ ಬಿಳಿಹೊಗೆ,
ತವರ ಮುಟ್ಟಿಸಿ ಅರಳೆಯಿಂದ ಒಂದೇ ಸುತ್ತು.
ಆ ಹೊಗೆಯಲ್ಲಿ ಕೆಮ್ಮಿದ್ದೇ ನನ್ನ ಓದಿನ ಫೀಜು.
ಸ್ಟೀಲು ಬಂತು. ತಿದಿ ಅಟ್ಟ ಸೇರಿತು.

ಮಿರ್ಸಿನಿ ತಿಳಿಯಾದದ್ದನ್ನು ಸಣ್ಣ ಲೋಟಕ್ಕೆ ಬಗ್ಗಿಸಿ
ಮೇಲೆ ನೀರು ಹನಿಸಿದಳು, ನನಗೆ ನೋಡಲಿಕ್ಕೆ.
ಏನೂ ಇರದಲ್ಲಿ ಎದ್ದಿತು ಬಿಳಿಹೊಗೆ,
ಸದ್ದಿಲ್ಲದೆ, ಲೋಟದೊಳಗೇ.
ನಾನು ತುಸು ಕೆಮ್ಮಿದೆ.

ಷರಾ ಕಾಲಮ್ಮಿನಲ್ಲಿ ಬರೆದದ್ದು ಇಷ್ಟೆ:
ಒಳಲೇಪ ಸವೆದಿದೆ, ದುರಸ್ತಿಯಾಗುವತನಕ ಬಳಸಕೂಡದು.
ಸಹಿ, ಮುದ್ರೆ.

ಶನಿವಾರ ರಜೆ.
ನವಸಾಗರ ಎಲ್ಲಿ ಸಿಗುತ್ತದೋ,
ಅಡಿಲೇಡಿನ ಅಂಗಡಿಗಳಿಗೆ ಫೋನು ಹಚ್ಚಬೇಕು.