ಹಿಕ್ಕೆ ಓದುವ ಪಾಠ

ಪಂಪು ಕೆಳಗಿಡು ತಿಮ್ಮರಾಯಿ, ಔಷಧಿ ಆಮೇಲೆ.
ಮೊದಲು ಮೂಗು.
ಬಾಗಿಲು ತೆಗೆದ ಕೂಡಲೇ ಹಳೇ ಎಣ್ಣೆಯ ಕಮಟು ಬಂತೋ,
ಜಿರಳೆ. ಸಿಂಕಿನಡಿಗೆ ಓಡಬೇಡ,
ಫ್ರಿಜ್ಜಿನ ಬೆನ್ನು ಮುಟ್ಟಿ ನೋಡು, ಬೆಚ್ಚಗಿರುತ್ತೆ,
ಅದೇ ಅವುಗಳ ಬಾಣಂತಿ ಕೋಣೆ.
ಹಗಲು ಹೊತ್ತು ಒಂದು ಹೊರಗೆ ಕಂಡರೆ
ಒಳಗೆ ಮಲಗೋಕೆ ಜಾಗ ಸಾಲದಾಗಿದೆ ಅಂತ,
ನಮ್ಮ ಶ್ರೀರಾಮಪುರದ ಹಾಗೆ.

ಆಮೇಲೆ ಮೂಲೆ. ಕೂತು ನೋಡು, ನಿಂತಲ್ಲ.
ಕರಿಜೀರಿಗೆ ಚೆಲ್ಲಿದ ಹಾಗಿದ್ದರೆ ಸುಂಡಿಲಿ.
ಖರ್ಜೂರದ ಬೀಜದಷ್ಟು ದಪ್ಪ ಇದ್ದರೆ ಹೆಗ್ಗಣ,
ಮೋರಿಯ ಬಾಡಿಗೆದಾರ, ವಯರು ಕಡಿದು
ಕರೆಂಟಿನವರ ಮೇಲೆ ಹಾಕುವವನು.
ಮೆತ್ತಗೆ ಹೊಳೆದರೆ ನಿನ್ನೆ ರಾತ್ರಿಯದು,
ಕಡ್ಡಿ ತಾಗಿಸಿದರೆ ಪುಡಿಯಾಯಿತೋ, ಆಸಾಮಿ ಮನೆ ಬಿಟ್ಟಾಯಿತು.
ತುದಿಗೆ ಬಿಳಿ ಟೋಪಿ ಇದ್ದರೆ ಹಲ್ಲಿ. ಅದರ ತಂಟೆ ಬೇಡ,
ನಮ್ಮದೇ ಕೆಲಸವನ್ನು ಸಂಬಳ ಇಲ್ಲದೆ ಮಾಡುತ್ತೆ.

ಇದನ್ನೆಲ್ಲ ಕಲಿಸಿದವರು ಖಲಂದರ್ ಸಾಬರು,
ಅವೆನ್ಯೂ ರಸ್ತೆಯ ಕಾಗದದ ಗೋಡೌನಿನಲ್ಲಿ, ಟಾರ್ಚು ಹಿಡಿದು.
"ಹುಳಾನ ನೋಡಬೇಡ ಮಗಾ, ಅದು ಬಿಟ್ಟುಹೋಗಿದ್ದನ್ನ ನೋಡು."
ಮೂವತ್ತು ವರ್ಷ ಬರಿ ಮೂಗಿನಲ್ಲೇ ಹೊಡೆದರು.
ಕೊನೆಗೆ ಅವರ ಎದೆಯಲ್ಲಿ ಕೂತದ್ದು ಯಾವುದೋ
ಯಾವ ಟಾರ್ಚಿಗೂ ಕಾಣಲಿಲ್ಲ.
ಮೂಗಿಗೆ ಬಟ್ಟೆ ಕಟ್ಟು.

ತಾವರೆಕೆರೆಯ ಪೀಜಿಯಲ್ಲಿ ಹೋದ ತಿಂಗಳು
ಹಾಸಿಗೆಯ ಹೊಲಿಗೆಯುದ್ದಕ್ಕೂ ಶಾಯಿ ಚುಕ್ಕಿ.
ತಿಗಣೆ. ಅದಕ್ಕೆ ಟಾರ್ಚೇ ಬೇಕಿಲ್ಲ.
ಮೂವರು ಹುಡುಗಿಯರು ನಾಲ್ಕನೆಯವಳ ಜೊತೆ ಮಾತು ಬಿಟ್ಟಿದ್ದರು,
ಸಿಂಧನೂರಿನಿಂದ ಹೊಸದಾಗಿ ಬಂದವಳು,
ಅವಳ ಟ್ರಂಕನ್ನು ಆಗಲೇ ವರಾಂಡಕ್ಕೆ ತಳ್ಳಿದ್ದರು.
ಟ್ರಂಕು ಬಿಚ್ಚಿಸಿದೆ: ಚೊಕ್ಕಟ, ಕರ್ಪೂರದ ವಾಸನೆ, ಒಂದು ಮಡಿಸಿದ ಕೌದಿ.
ವಾರ್ಡನ್ ಅಮ್ಮನ ಸೋಫಾ ಮಗುಚಿದೆ:
ಸಂತೆ.
ಯಾರೂ ಏನೂ ಅನ್ನಲಿಲ್ಲ. ಟ್ರಂಕನ್ನು
ಅವಳೇ ಎಳೆದುಕೊಂಡು ಒಳಗೆ ಹೋದಳು.

ಗೆದ್ದಲಿಗೆ ಮಾತ್ರ ಕಿವಿ ಬೇಕು.
ಬೆರಳ ಗೆಣ್ಣಿನಿಂದ ತಟ್ಟು. ಬಾಗಿಲ ಚೌಕಟ್ಟು
ಹೂರಣವಿಲ್ಲದ ಹೋಳಿಗೆಯ ಹಾಗೆ ಟೊಳ್ಳು ಅಂದರೆ
ಬಣ್ಣ ಒಂದೇ ಉಳಿದಿದೆ ಅಂತ ಲೆಕ್ಕ.

ಸಿದ್ದಾಪುರದ ಮನೆ ಹೇಳಿದ್ದೆನಲ್ಲ,
ಹನುಮಂತರಾಯಪ್ಪ, ಚನ್ನಕೃಷ್ಣಪ್ಪ, ಅಣ್ಣ ತಮ್ಮ,
ನಡುಮನೆಗೆ ಅಡ್ಡಗೋಡೆ, ಎರಡು ಮೀಟರು, ಎರಡು ತುಳಸಿ.
ಅಪ್ಪನ ಉಯಿಲು ನೀನು ಕದ್ದೆ, ನೀನು ಕದ್ದೆ ಅಂತ
ಹನ್ನೊಂದು ವರ್ಷದ ಕೋರ್ಟು.
ಅಣ್ಣನ ಕಡೆಯ ಬೀರು ಜರುಗಿಸಿದೆ.
ಖಾನೆಯ ಹಿಂದೆ ಜಾರಿ ಬಿದ್ದಿತ್ತು, ಕಾಗದ ಅಲ್ಲ,
ಕಾಗದದ ಆಕಾರದ ಮಣ್ಣು.
ಒಂದು ಮೂಲೆ ಮಾತ್ರ ಉಳಿದಿತ್ತು, ಅದರ ಮೇಲೆ ಅಪ್ಪನ ಹೆಬ್ಬೆಟ್ಟು.
ಆ ಬೆರಳಿನ ಗೆರೆಗೂ ಗೆದ್ದಲು ಕೊರೆದ ದಾರಿಗೂ
ಎಲ್ಲಿ ಗಡಿ ಅಂತ ನನಗೆ ತಿಳಿಯಲಿಲ್ಲ.

ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನಿಂತರು.
ನಾನು ಅಂದೆ, ಗೂಡು ಗೋಡೆಯೊಳಗೇ ಇದೆ ಸಾರ್,
ಎರಡೂ ಕಡೆಯಿಂದ ತೂತು ಹೊಡೀಬೇಕು.
"ಒಂದೇ ಕಡೆ ಆದರೆ ಎಷ್ಟಾಗುತ್ತೆ?"
ಹೇಳಿದೆ. ಆದರೆ ಅವು ಆ ಕಡೆಗೆ ಹೋಗ್ತವೆ ಸಾರ್.
ಹೆಬ್ಬೆಟ್ಟನ್ನು ಮಡಿಸಿ ಜೇಬಿಗಿಟ್ಟರು.
"ಹೋಗಲಿ ಬಿಡಿ."
ಬಿಲ್ಲಿನಲ್ಲಿ ಬರೆದೆ: ಗೆದ್ದಲು. ಗೋಡೆ ಒಂದು. ಬದಿ ಒಂದು.

ಸರಿ, ಪಂಪು ಎತ್ತು.
ಅಕ್ಕಿ ಡಬ್ಬ ಮುಚ್ಚಿಸು, ಮಗೂನ ಮಹಡಿಗೆ ಕಳಿಸು,
ಮೀನಿನ ತೊಟ್ಟಿಗೆ ಒದ್ದೆ ಬಟ್ಟೆ.
ಕೈ ತೊಳೆಯದೆ ಇವರು ಕೊಟ್ಟ ಕಾಫಿ ಮುಟ್ಟಬೇಡ.